ಪಾಠ ಎಲ್ಲರಿಗಿಂತ ಮೊದಲೇ ಮುಗಿಸಿ ಸುಮ್ಮನೆ ಕೂರುವ ಮಗುವಿಗೆ ಸರ್ಕಾರಿ ಶಾಲೆಯಲ್ಲಿ ಏನು ಮಾಡೋದು?

ತುಂಗಭದ್ರೆ_ಟೀಚರ್
ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿಗೆ ಗಣಿತ, ಪರಿಸರ ಅಧ್ಯಯನ ತಗೋತೀನಿ. ಮಕ್ಕಳು 38. ಅದರಲ್ಲಿ ಒಬ್ಬಳಿದ್ದಾಳೆ, ಹೆಸರು ಬೇಡ. ಬೋರ್ಡಿನ ಮೇಲೆ ಲೆಕ್ಕ ಬರೆದು ನಾನು ಇತ್ತ ತಿರುಗೋದರೊಳಗೆ ಉತ್ತರ ಬರೆದಿಟ್ಟು ಕೂತಿರ್ತಾಳೆ. ಭಿನ್ನರಾಶಿ ಪಾಠದ ದಿನ, "ರೊಟ್ಟೀಲಿ ಅರ್ಧ, ಉಳಿದದ್ದರಲ್ಲಿ ಅರ್ಧ, ಮತ್ತೆ ಅದರಲ್ಲಿ ಅರ್ಧ, ಹಿಂಗೇ ತಿಂತಾ ಹೋದ್ರ ರೊಟ್ಟಿ ಯಾವತ್ತೂ ಮುಗಿಯಂಗಿಲ್ಲ ಅಲ್ರೀ ಟೀಚರ್?" ಅಂದಳು. ಇಡೀ ತರಗತಿ ನಕ್ಕಿತು. ಅವತ್ತಿನಿಂದ ಪ್ರಶ್ನೆ ಕೇಳೋದೇ ಬಿಟ್ಟಿದ್ದಾಳೆ. ಇತ್ತೀಚೆಗೆ ಬೇಕಂತಲೇ ಒಂದೆರಡು ಲೆಕ್ಕ ತಪ್ಪು ಬರೀತಾಳೆ ಅಂತ ನನ್ನ ಅನುಮಾನ. ಪಕ್ಕದವಳಿಗೆ ಬಂದಷ್ಟೇ ಅಂಕ ತನಗೂ ಬರಲಿ ಅಂತ.

ಸಭೆಗೆ ಹೋದರೆ ಹಿಂದುಳಿದ ಮಕ್ಕಳದ್ದೇ ಮಾತು. ಸೇತುಬಂಧ, ಪರಿಹಾರ ಬೋಧನೆ, ಓದು ಕರ್ನಾಟಕ, ಗಣಿತ ಗಣಕ. ಅವೆಲ್ಲ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದೆ ಓಡ್ತಿರೋ ಮಗುವಿಗೆ ಯಾವ ನಮೂನೆಯಲ್ಲೂ ಒಂದು ಕಾಲಂ ಇಲ್ಲ. ಅಪ್ಪ ಅಮ್ಮ ದುಡಿಯೋಕೆ ಗುಳೆ ಹೋಗಿದ್ದಾರೆ, ಹುಡುಗಿ ಅಜ್ಜಿ ಹತ್ತಿರ ಇದ್ದಾಳೆ. ಖಾಸಗಿ ಶಾಲೆ, ಟ್ಯೂಷನ್ ಅಂತ ದಯವಿಟ್ಟು ಹೇಳಬೇಡಿ. ನನ್ನ ತರಗತಿಯೊಳಗೆ ನಾನು ಏನು ಮಾಡಬಹುದು?

ಚುರುಮುರಿ
ರೊಟ್ಟಿ ಪ್ರಶ್ನೆ ಕೇಳಿ ನನಗೇ ತಲೆ ಗಿರ್ ಅಂತಿದೆ. ಹುಡುಗಿಗೆ ನಮಸ್ಕಾರ.

ನವೋದಯ_ಹಳೆಹುಡುಗ
ಯೋಚನೆ ಯಾಕೆ ಮೇಡಂ, ನವೋದಯ ಪರೀಕ್ಷೆ ಕಟ್ಟಿಸಿ. ಐದನೇ ತರಗತಿ ಅಂದ್ರೆ ಇದೇ ವರ್ಷ, ಒಂದೇ ಅವಕಾಶ. ಮತ್ತೆ ಕಟ್ಟೋಕೆ ಬರಲ್ಲ. ಕನ್ನಡದಲ್ಲೇ ಬರೀಬಹುದು. ಎರಡು ಗಂಟೆ, 80 ಪ್ರಶ್ನೆ, ಅದರಲ್ಲಿ 40 ಮಾನಸಿಕ ಸಾಮರ್ಥ್ಯ, 20 ಗಣಿತ, 20 ಭಾಷೆ. ಮುಕ್ಕಾಲು ಪಾಲು ಸೀಟು ಹಳ್ಳಿ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಊಟ, ಬಟ್ಟೆ, ಪುಸ್ತಕ ಎಲ್ಲಾ ಅಲ್ಲೇ.

ನಾನು ಹೋದದ್ದು ಹಾಗೇ. ಅಪ್ಪ ಹಮಾಲಿ ಮಾಡ್ತಿದ್ರು. ಒಂಬತ್ತನೇ ಕ್ಲಾಸಲ್ಲಿ ನಮ್ಮನ್ನು ಒಂದು ವರ್ಷ ಹಿಂದಿ ಸೀಮೆಯ ನವೋದಯಕ್ಕೆ ಕಳಿಸಿದ್ರು, ಅಲ್ಲಿಯವರು ನಮ್ಮ ಕಡೆ ಬಂದ್ರು. ಮೊದಲ ತಿಂಗಳು ಅತ್ತೆ. ಆಮೇಲೆ ಹಿಂದಿಯಲ್ಲೇ ಜಗಳ ಆಡುವಷ್ಟು ಕಲಿತೆ. ನನ್ನ ಬದುಕು ತಿರುಗಿದ್ದೇ ಆ ಪರೀಕ್ಷೆಯಿಂದ.

ಗಣಿತ_ಗೀಳು
ಸರಿ, ಬರೆಸಲಿ. ಆದರೆ ಲೆಕ್ಕ ನೋಡಿ: ಹೆಚ್ಚುಕಡಿಮೆ ಜಿಲ್ಲೆಗೊಂದು ನವೋದಯ, ಒಂದೊಂದರಲ್ಲಿ ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು. ಸಿಗದೇ ಹೋದರೆ? ಟೀಚರ್ ಕೇಳಿದ್ದು "ನನ್ನ ತರಗತಿಯೊಳಗೆ ಏನು" ಅಂತ. ನೀವು ಹೇಳ್ತಿರೋದು ತರಗತಿಯಿಂದ ಆಚೆ ಕಳಿಸೋ ದಾರಿ.

ಮಂಜಣ್ಣ_ಮಂಡ್ಯ
ಅದೇ ಕಣಣ್ಣ. ಚೆನ್ನಾಗಿ ಓದೋರ್ನೆಲ್ಲ ಊರಿಂದ ಎತ್ಕೊಂಡ್ ಹೋದ್ರೆ ಊರ್ ಸ್ಕೂಲಲ್ಲಿ ಉಳ್ಯೋರ್ ಯಾರು? ನವೋದಯಕ್ಕೆ ಹೋದೋನು ವಾಪಸ್ ಊರಿಗ್ ಬಂದ್ನಾ ಕೇಳಿ.

ನವೋದಯ_ಹಳೆಹುಡುಗ
ಬಂದಿಲ್ಲ. ಬರಬೇಕಂತ ಯಾವ ಪರೀಕ್ಷೆಯಲ್ಲೂ ಬರೆದಿಲ್ಲ. ಬೆಂಗಳೂರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವನನ್ನ ಯಾರೂ ಈ ಪ್ರಶ್ನೆ ಕೇಳಲ್ಲ, ಹಮಾಲಿ ಮಗನನ್ನೇ ಕೇಳೋದು.

ಚುರುಮುರಿ
ಮಂಜಣ್ಣ ಔಟ್.

ಕ್ಲಸ್ಟರ್_ಕಾಕಾ
ನಾ ಧಾರವಾಡ ಕಡೆ ಸುತ್ತಲಿನ ಶಾಲಿಗಳ ಸಂಪನ್ಮೂಲ ವ್ಯಕ್ತಿ, ಅಂದ್ರ ಸಿಆರ್‌ಪಿ ಅದೇನ್ರಿ. ಟೀಚರಮ್ಮ ಹೇಳಿದ್ದು ಖರೇ ಅದ. ನಮ್ಮ ಪತ್ರಕದಾಗ "ನಿಧಾನ ಕಲಿಕೆಯ ಮಕ್ಕಳ ಪಟ್ಟಿ" ಅಂತ ಒಂದು ಹಾಳಿನೇ ಅದ, ಇನ್ನೊಂದಕ್ಕ ಇಲ್ಲ. ನಾ ಹೇಳೋದು ಇಷ್ಟರಿ: ಆಕೀನ್ನ ಗುಂಪಿನ ಲೀಡರ್ ಮಾಡ್ರಿ. ತನ್ನದು ಮುಗಿಸಿದ ಮ್ಯಾಲ ಉಳದ ಮಕ್ಕಳಿಗೆ ಹೇಳಿಕೊಡ್ಲಿ. ಆಕೀಗೂ ಕೆಲಸ ಆತು, ನಿಮಗೂ ಹಗುರಾತು.

ಗಣಿತ_ಗೀಳು
ಕಾಕಾ, ಇಲ್ಲಿ ನಾನು ಜಗಳಕ್ಕೆ ಇಳೀತೀನಿ. ನಮ್ಮ ಶಾಲೆಗಳಲ್ಲಿ ಬುದ್ಧಿವಂತ ಮಗುವಿಗೆ ಸಿಗೋ ಏಕೈಕ ಬಹುಮಾನ ಅಂದ್ರೆ ಬಿಟ್ಟಿ ಚಾಕರಿ. ಮಾನಿಟರ್ ಆಗು, ಗದ್ದಲ ಮಾಡೋರ ಹೆಸರು ಬರಿ, ನೋಟ್ಸ್ ತಿದ್ದು, ಬಿಸಿಯೂಟದ ಲೆಕ್ಕ ಇಡು, ಪಕ್ಕದವನಿಗೆ ಮಗ್ಗಿ ಕಲಿಸು. ವರ್ಷದ ಕೊನೆಗೆ ಆ ಮಗು ಹೊಸದಾಗಿ ಏನು ಕಲಿತು ಅಂತ ಯಾರಾದ್ರೂ ನೋಡ್ತಾರಾ? ಶಾಲೆಗೆ ಬರೋದು ಕಲಿಯೋಕೆ. ಆ ಹಕ್ಕು ಬೇಗ ಕಲಿಯೋ ಮಗುವಿಗೂ ಇದೆ.

ಕ್ಲಸ್ಟರ್_ಕಾಕಾ
ಹೇಳಿಕೊಟ್ರ ಹೇಳಿದವ್ರಿಗೇ ಹೆಚ್ಚು ತಿಳೀತದರಿ. ನನಗ ವ್ಯಾಕರಣ ಬಂದಿದ್ದ ಮಕ್ಕಳಿಗೆ ಕಲಸಾಕ ನಿಂತ ಮ್ಯಾಲ.

ಗಣಿತ_ಗೀಳು
ವಾರಕ್ಕೆ ಒಂದು ಸಲ, ಅವಳಿಗೆ ಇಷ್ಟ ಇದ್ದರೆ, ಒಪ್ತೀನಿ. ದಿನಾ ಅದೇ ಆದರೆ ನೀವು ಅವಳ ಸಮಯ ತಗೊಂಡು ನಿಮ್ಮ ಕೆಲಸ ಮಾಡಿಸಿಕೊಳ್ತಿದ್ದೀರಿ. ಇನ್ನೊಂದು, ಈ ಹುಡುಗಿಗೆ ಈಗಾಗಲೇ ಗೆಳತಿಯರಿಂದ ಬೇರೆಯಾಗಿ ಕಾಣೋದು ಬೇಡ, ಅದಕ್ಕೇ ಬೇಕಂತ ತಪ್ಪು ಬರೀತಿದ್ದಾಳೆ. ಅವಳನ್ನೇ ಎಬ್ಬಿಸಿ "ಇವಳನ್ನ ನೋಡಿ ಕಲೀರಿ" ಅಂದರೆ ಕಥೆ ಮುಗೀತು.

ನಿವೃತ್ತ_ಮೇಷ್ಟ್ರು
ಎರಡೂ ಕಡೆ ಸತ್ಯವಿದೆ. ನಾನು ನಲಿ-ಕಲಿ ಶುರುವಾದ ಕಾಲದವನು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಅದು ಚಿಗುರಿತು. ನಮ್ಮ ಶಿಕ್ಷಕರು ಆಂಧ್ರದ ಋಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು ಕಟ್ಟಿದ ಪದ್ಧತಿ. ಅದರ ಹೂರಣವೇನು? ಕಲಿಕಾ ಏಣಿ ಇದೆ, ಮೈಲಿಗಲ್ಲುಗಳಿವೆ, ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಬೇಕು. ಒಂದೇ ಕೋಣೆಯಲ್ಲಿ ಒಬ್ಬ ಹತ್ತನೇ ಮೈಲಿಗಲ್ಲಿನಲ್ಲಿದ್ದರೆ ಇನ್ನೊಬ್ಬಳು ನಾಲ್ಕರಲ್ಲಿ. ಯಾರೂ ಯಾರನ್ನೂ ಕಾಯಬೇಕಿಲ್ಲ. ತಟ್ಟೆ ಎಂದರೆ ಮಕ್ಕಳು ಕೂರುವ ಗುಂಪು: ಶಿಕ್ಷಕರ ಸಹಾಯದ ತಟ್ಟೆ, ಗೆಳೆಯರ ಸಹಾಯದ ತಟ್ಟೆ, ಸ್ವಕಲಿಕೆಯ ತಟ್ಟೆ, ಎಲ್ಲಕ್ಕೂ ಜಾಗವಿತ್ತು. ಬೇಗ ಕಲಿಯುವ ಮಗುವಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಸರ್ಕಾರಿ ಶಾಲೆಯಲ್ಲಿ ನಾನು ಕಂಡಿಲ್ಲ.

ತೊಂದರೆಯೆಂದರೆ ಅದು ಮೂರನೇ ತರಗತಿಗೆ ನಿಂತುಬಿಡುತ್ತದೆ. ನಾಲ್ಕಕ್ಕೆ ಬಂದ ಕೂಡಲೇ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ. ಮೂರು ವರ್ಷ ತನ್ನ ಪಾಡಿಗೆ ಓಡಿದ ಮಗುವನ್ನು ಸಾಲಿನಲ್ಲಿ ನಿಲ್ಲಿಸುತ್ತೇವೆ. ಟೀಚರಮ್ಮನ ಹುಡುಗಿ ಐದರಲ್ಲಿ ಮಂಕಾಗಿರುವುದಕ್ಕೆ ಅರ್ಧ ಕಾರಣ ಇಲ್ಲಿದೆ ಎಂದು ನನ್ನ ಅನಿಸಿಕೆ.

ತುಂಗಭದ್ರೆ_ಟೀಚರ್
ಮೇಷ್ಟ್ರೇ, ಇದು ನನಗೆ ಹೊಳೆದೇ ಇರಲಿಲ್ಲ. ನಲಿ-ಕಲಿ ಟೀಚರ್‌ನ ಕೇಳಿದೆ. "ಅವಳಾ? ಎರಡನೇ ತರಗತೀಲೇ ಮೂರರ ಕಾರ್ಡೆಲ್ಲ ಮುಗಿಸಿದ್ದಳು, ಆಮೇಲೆ ನನ್ನ ಹತ್ರ ಕಾರ್ಡ್ ಇರಲಿಲ್ಲ" ಅಂದ್ರು.

ಬನಶಂಕರಿ_ಅಪ್ಪ
ಮೊದಲು ಐಕ್ಯೂ ಟೆಸ್ಟ್ ಮಾಡಿಸಿ. ನನ್ನ ಮಗನಿಗೆ ಆರು ವರ್ಷಕ್ಕೇ ಮಾಡಿಸಿದ್ವಿ, 138 ಬಂತು. ಆ ವರದಿ ತೋರಿಸಿದ ಮೇಲೆ ಶಾಲೆಯವರು ಬೇರೆ ವರ್ಕ್‌ಶೀಟ್ ಕೊಡ್ತಿದ್ದಾರೆ. ಅಂಕಿ ಇಲ್ಲದೆ "ನನಗನಿಸುತ್ತೆ" ಅಂದ್ರೆ ಯಾರೂ ಕೇಳಲ್ಲ.

ಚುರುಮುರಿ
138 ಸರಿ, ಬಸ್ಸಲ್ಲಿ ಅಜ್ಜಿಗೆ ಸೀಟ್ ಬಿಟ್ಟುಕೊಡ್ತಾನಾ?

ಮಂಜಣ್ಣ_ಮಂಡ್ಯ
ಕೊಪ್ಪಳ್ದಲ್ಲಿ ಐಕ್ಯೂ ಟೆಸ್ಟ್ ಎಲ್ ಮಾಡುಸ್ತಾರೆ ಸ್ವಾಮಿ? ಕನ್ನಡದಲ್ಲಿ ಮಾತಾಡೋ ಮಗೀಗೆ ಕನ್ನಡದಲ್ ಕೇಳ್ಬೇಕಲ್ವಾ?

ಗಣಿತ_ಗೀಳು
ಬನಶಂಕರಿಯವರೇ, ಟರ್ಮನ್ ಕಥೆ ಗೊತ್ತಾ? ಸ್ಟ್ಯಾನ್‌ಫರ್ಡ್‌ನ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದ ಶಾಲೆಗಳಲ್ಲಿ ಐಕ್ಯೂ ಪರೀಕ್ಷೆ ಮಾಡಿ, ಅತಿ ಹೆಚ್ಚು ಬಂದ ಸುಮಾರು ಒಂದೂವರೆ ಸಾವಿರ ಮಕ್ಕಳನ್ನ ಆರಿಸಿದರು, ಅವರು ಮುದುಕರಾಗುವವರೆಗೂ ಅಧ್ಯಯನ ನಡೆಯಿತು. ಆ ಪರೀಕ್ಷೆಯಲ್ಲಿ ಅಂಕ ಸಾಲದೆ ಪಟ್ಟಿಯಿಂದ ಹೊರಗೆ ಉಳಿದ ಇಬ್ಬರು ಹುಡುಗರ ಹೆಸರು ವಿಲಿಯಂ ಶಾಕ್ಲಿ, ಲೂಯಿಸ್ ಆಲ್ವಾರೆಜ್. ಒಬ್ಬರಿಗೆ 1956ರಲ್ಲಿ, ಇನ್ನೊಬ್ಬರಿಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್. ಪಟ್ಟಿಯೊಳಗೆ ಇದ್ದವರಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ.

ಐಕ್ಯೂ ಸುಳ್ಳು ಅಂತಲ್ಲ. ಒಂದೇ ಅಂಕಿ ನೋಡಿ ಗೆರೆ ಎಳೆದರೆ ಗೆರೆಯ ಆಚೆ ಯಾರು ಉಳಿದರು ಅನ್ನೋದು ನಮಗೆ ಕಾಣಲ್ಲ. ಜೋಸೆಫ್ ರೆನ್ಜುಲ್ಲಿ ಅನ್ನೋರು 1978ರಲ್ಲಿ ಹೇಳಿದ್ದು ನನಗೆ ಹೆಚ್ಚು ಸರಿ ಅನಿಸುತ್ತೆ: ಸರಾಸರಿಗಿಂತ ಮೇಲಿನ ಸಾಮರ್ಥ್ಯ, ಸೃಜನಶೀಲತೆ, ಹಿಡಿದ ಕೆಲಸ ಬಿಡದ ಗುಣ, ಈ ಮೂರೂ ಎಲ್ಲಿ ಕೂಡುತ್ತೋ ಅಲ್ಲಿ ನೋಡಿ ಅಂತ.

ಬನಶಂಕರಿ_ಅಪ್ಪ
ಇಬ್ಬರು ತಪ್ಪಿಹೋದ್ರು ಅಂತ ಅಳತೆಕೋಲನ್ನೇ ಬಿಸಾಡೋಕಾಗುತ್ತಾ? ಟೀಚರ್‌ಗಳ ಕೈಗೆ ಬಿಟ್ರೆ ಏನಾಗುತ್ತೆ ಹೇಳಿ. ಕೈಬರಹ ಚೆನ್ನಾಗಿರೋ, ಬಾಯಿ ಮುಚ್ಚಿಕೊಂಡು ಕೂರೋ ಮಗುವನ್ನೇ "ಜಾಣ" ಅಂತ ಆರಿಸ್ತಾರೆ. ಪರೀಕ್ಷೆಗೆ ಯಾರ ಮಗ ಅನ್ನೋದು ಗೊತ್ತಿರಲ್ಲ.

ಸಿಂಗಾಪುರ_ಸುಮಾ
ಈ ಮಾತಿಗೆ ಆಧಾರ ಇದೆ. ಅಮೆರಿಕದ ಫ್ಲೋರಿಡಾದಲ್ಲಿ ಬ್ರೋವರ್ಡ್ ಕೌಂಟಿ ಅಂತಿದೆ. ಅಲ್ಲಿ ಮೊದಲು ಟೀಚರ್, ಪೋಷಕರು ಹೆಸರು ಸೂಚಿಸಿದ ಮಕ್ಕಳಿಗಷ್ಟೇ ಪರೀಕ್ಷೆ ಮಾಡ್ತಿದ್ರು. 2005ರ ಸುಮಾರಿಗೆ ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಒಂದು ಚಿಕ್ಕ ಪರೀಕ್ಷೆ ಇಟ್ರು. ಬಡವರ ಮನೆಯ, ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳು ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದೆ ಇದ್ದೋರು ದೊಡ್ಡ ಸಂಖ್ಯೆಯಲ್ಲಿ ಪಟ್ಟಿಗೆ ಬಂದ್ರು. ಅಂದ್ರೆ ಎಲ್ಲರನ್ನೂ ನೋಡಬೇಕು.

ಆದರೆ ಪರೀಕ್ಷೆಯೇ ದೇವರು ಅನ್ನೋರು ಸಿಂಗಾಪುರಕ್ಕೆ ಬಂದು ನೋಡಿ. ಇಲ್ಲಿ 1984ರಿಂದ ಪ್ರತಿಭಾವಂತ ಮಕ್ಕಳಿಗೆ ಜಿಇಪಿ ಅಂತ ಒಂದು ಕಾರ್ಯಕ್ರಮ ಇತ್ತು. ಮೂರನೇ ತರಗತೀಲಿ ಪರೀಕ್ಷೆ, ಮೇಲಿನ ಒಂದು ಶೇಕಡಾ ಮಕ್ಕಳು ಒಂಬತ್ತು ಶಾಲೆಗೆ. ಆಗಿದ್ದೇನು? ಜಿಇಪಿಗೇ ಟ್ಯೂಷನ್ ಅಂಗಡಿಗಳು. ಎಂಟು ವರ್ಷದ ಮಗು ಭಾನುವಾರ ಕೂಡ ಪಜಲ್ ಬಿಡಿಸ್ತಾ ಕೂರುತ್ತೆ. 2024ರಲ್ಲಿ ಸರ್ಕಾರವೇ ಈ ರೂಪದಲ್ಲಿ ಮುಂದುವರಿಸಲ್ಲ, ಪ್ರತಿ ಶಾಲೆಯೂ ತನ್ನ ಮಕ್ಕಳನ್ನ ತಾನೇ ಗುರುತಿಸಿ ಬೆಳೆಸಲಿ ಅಂತ ಘೋಷಿಸ್ತು. ನಲವತ್ತು ವರ್ಷ ನಡೆಸಿ ಕೊನೆಗೆ ಬಂದಿದ್ದು "ನನ್ನ ತರಗತಿಯೊಳಗೆ ಏನು ಮಾಡಬಹುದು" ಅನ್ನೋ ಪ್ರಶ್ನೆಗೇ.

ಕ್ಲಸ್ಟರ್_ಕಾಕಾ
ನಮ್ಮಲ್ಲಿ ನವೋದಯ, ಮೊರಾರ್ಜಿ ಕೋಚಿಂಗ್ ಬೋರ್ಡು ಹಳ್ಳಿಹಳ್ಳಿಗೆ ಅವರಿ. ನಾಲ್ಕನೇತ್ತಾ ಇದ್ದಾಗಲೇ ಮಕ್ಕಳನ್ನ ವಸತಿ ಕೋಚಿಂಗ್‌ಗೆ ಒಯ್ದು ಬಿಡ್ತಾರ. ಹೆಸರು ನಮ್ಮ ಶಾಲ್ಯಾಗ, ಹುಡುಗ ಅಲ್ಲಿ.

ಚುರುಮುರಿ
ಹಾಜರಿ ಯಾರು ಹಾಕ್ತಾರೆ ಕಾಕಾ? 😄

ಕ್ಲಸ್ಟರ್_ಕಾಕಾ
ಆ ಪ್ರಶ್ನಿ ಔಟ್ ಆಫ್ ಸಿಲೆಬಸ್.

ಕುಡ್ಲದ_ಅಮ್ಮ
ನಾನೊಂದು ಹೇಳ್ತೇನೆ. ನನ್ನ ಮಗ ಏಳನೇ ಕ್ಲಾಸ್ ಮಾರಾಯ್ರೆ, ಬಾಯಿಯಲ್ಲಿ ಕೇಳಿದ್ರೆ ಯಾವ ಲೆಕ್ಕ ಬೇಕಾದ್ರೂ ಹೇಳ್ತಾನೆ. ಬರೆಯಲಿಕ್ಕೆ ಕೂತ್ರೆ ಮಾತ್ರ ಮುಗೀತು. ಒತ್ತಕ್ಷರ ಹೋಗ್ತದೆ, 36 ಇದ್ದದ್ದು 63 ಆಗ್ತದೆ. ಐದನೆಯ ವರೆಗೂ ಅವನಿಗೆ "ಉದಾಸೀನ" ಅಂತ್ಲೇ ಹೆಸರು. ಕಡೆಗೆ ಡಾಕ್ಟ್ರ ಹತ್ರ ಹೋದಾಗ ಡಿಸ್ಲೆಕ್ಸಿಯಾ ಅಂತ ಗೊತ್ತಾಯ್ತು, ಅದೇ ತಪಾಸಣೆಯಲ್ಲಿ ತರ್ಕ ಅವನ ವಯಸ್ಸಿಗಿಂತ ತುಂಬ ಮೇಲೆ ಉಂಟು ಅಂತಲೂ ಗೊತ್ತಾಯ್ತು. ಒಂದು ಇನ್ನೊಂದನ್ನು ಮುಚ್ಚಿ ಹಾಕಿತ್ತು. ಬುದ್ಧಿ ಇದ್ದದ್ರಿಂದ ಹೇಗೋ ಪಾಸಾಗ್ತಿದ್ದ, ಹಾಗಾಗಿ ಕಷ್ಟ ಯಾರಿಗೂ ಕಾಣ್ಲಿಲ್ಲ. ಕಷ್ಟ ಇದ್ದದ್ರಿಂದ ಬುದ್ಧಿಯೂ ಕಾಣ್ಲಿಲ್ಲ. ಅಂಥ ಮಕ್ಕಳು ನಿಮ್ಮ ಪರಿಹಾರ ಬೋಧನೆಯ ಪಟ್ಟಿಯಲ್ಲೇ ಕೂತಿರ್ಲಿಕ್ಕೂ ಸಾಕು ಟೀಚರ್, ಒಮ್ಮೆ ನೋಡಿ.

ನಿವೃತ್ತ_ಮೇಷ್ಟ್ರು
ಅಮ್ಮ, ನೀವು ಹೇಳಿದ್ದಕ್ಕೆ ಒಂದು ನೆನಪು. ನನ್ನ ಆರನೇ ತರಗತಿಯಲ್ಲಿ ಉಕ್ತಲೇಖನ ಕೊಟ್ಟರೆ ಪುಟದ ತುಂಬ ಕೆಂಪು ಶಾಯಿ ಬರುತ್ತಿದ್ದ ಹುಡುಗನೊಬ್ಬ. ಶಾಲೆಯ ಬೋರ್‌ವೆಲ್ ಮೋಟಾರು ಸುಟ್ಟಾಗ ರಿಪೇರಿಯವನ ಪಕ್ಕ ಕುಕ್ಕರಗಾಲಲ್ಲಿ ಕೂತು, ತಾಮ್ರದ ತಂತಿಯ ಸುತ್ತು ಎಣಿಸುತ್ತಾ, "ಅಣ್ಣಾ, ಈ ಬದಿ ಎರಡು ಸುತ್ತು ಕಮ್ಮಿ ಇದೆ" ಎಂದ. ರಿಪೇರಿಯವನು ಬೈದು, ಎಣಿಸಿ ನೋಡಿ, ಬಿಚ್ಚಿ ಮತ್ತೆ ಸುತ್ತಿದ. ಆ ಹುಡುಗನಿಗೆ ಪ್ರಗತಿ ಪತ್ರದಲ್ಲಿ "ಸಿ" ಬಿಟ್ಟು ಬೇರೆ ಕೊಡಲು ನಮ್ಮ ಬಳಿ ಜಾಗವೇ ಇರಲಿಲ್ಲ.

ಮಂಜಣ್ಣ_ಮಂಡ್ಯ
ನಮ್ ಶಕುಂತಲಾ ದೇವಿಯವ್ರೇ ಸ್ಕೂಲಿಗ್ ಹೋಗಿಲ್ವಂತೆ. ಬೆಂಗಳೂರ್ ಹುಡುಗಿ, ಅಪ್ಪ ಸರ್ಕಸ್ಸಲ್ಲಿ. 1980ರಲ್ಲಿ ಲಂಡನ್ನಲ್ಲಿ 13 ಅಂಕಿ ಸಂಖ್ಯೆನ 13 ಅಂಕಿ ಸಂಖ್ಯೆಗ್ ಗುಣಿಸಿ 28 ಸೆಕೆಂಡಲ್ ಹೇಳುದ್ರು. ಸ್ಕೂಲಿಗ್ ಹೋಗಿದ್ರೆ "ಹಂತ ಬರ್ದಿಲ್ಲ" ಅಂತ ಅರ್ಧ ಮಾರ್ಕ್ಸ್ ಕಟ್ ಮಾಡೋರು.

ಚುರುಮುರಿ
😂😂 ಹಂತ ಬರೆಯದಿದ್ದಕ್ಕೆ ಮಾರ್ಕ್ಸ್ ಕಳಕೊಂಡವರ ಸಂಘ ಕಟ್ಟೋಣ.

ಗಣಿತ_ಗೀಳು
ಶಾಲೆಗೆ ಹೋಗದಿದ್ದರೆ ಒಳ್ಳೆಯದು ಅನ್ನೋ ಕಡೆಗೆ ಮಾತು ಹೋಗೋದು ಬೇಡ. ರಾಮಾನುಜನ್ ಕುಂಭಕೋಣದ ಕಾಲೇಜಲ್ಲಿ ಗಣಿತ ಬಿಟ್ಟು ಮಿಕ್ಕ ವಿಷಯದಲ್ಲಿ ನಪಾಸಾಗಿ ವಿದ್ಯಾರ್ಥಿವೇತನ ಕಳಕೊಂಡರು. ಆಮೇಲಿನ ವರ್ಷಗಳ ಬಡತನ, ಅನಾರೋಗ್ಯ ಎಲ್ಲರಿಗೂ ಗೊತ್ತು. ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಗೆ ಅವರ ಪತ್ರ ಮುಟ್ಟಿದ್ದು ನಮ್ಮ ಪುಣ್ಯ. ಮುಟ್ಟದ ಪತ್ರಗಳ ಲೆಕ್ಕ ಯಾರ ಹತ್ತಿರ ಇದೆ?

ಬನಶಂಕರಿ_ಅಪ್ಪ
ಇದಕ್ಕೆಲ್ಲ ಸರ್ಕಾರದ ನೀತಿ ಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ವಿಶೇಷ ಪ್ರತಿಭೆಯ ಮಕ್ಕಳ ಬಗ್ಗೆ ಪ್ರತ್ಯೇಕ ಭಾಗ ಇದೆ. ಶಾಲೆಯಿಂದ ಜಿಲ್ಲೆವರೆಗೆ ಗಣಿತ ವೃತ್ತ, ವಿಜ್ಞಾನ ವೃತ್ತ, ಚೆಸ್, ಸಂಗೀತ ವೃತ್ತ, ಬಿ.ಎಡ್.ನಲ್ಲಿ ಇದಕ್ಕೇ ವಿಶೇಷ ಅಧ್ಯಯನ. ನಮ್ಮ ರಾಜ್ಯದವರು ಅದನ್ನು ಪಕ್ಕಕ್ಕಿಟ್ಟು ಕೂತ್ರು.

ಮಂಜಣ್ಣ_ಮಂಡ್ಯ
ಅದ್ನ ಇಟ್ಕೊಂಡಿರೋ ರಾಜ್ಯದಲ್ಲಿ ಎಷ್ಟ್ ವೃತ್ತ ಎಳ್ದವ್ರೆ ಹೇಳಿ ನೋಡವಾ?

ನವೋದಯ_ಹಳೆಹುಡುಗ
ನೀತಿ ಬರೆದ ಮೇಲೆ ಆಗಿದ್ದು ನೋಡಿ. 1963ರಿಂದ ನಡೀತಿದ್ದ ಪ್ರತಿಭಾನ್ವೇಷಣೆ ಪರೀಕ್ಷೆ ಎನ್‌ಟಿಎಸ್‌ಇ 2021ರ ನಂತರ ನಿಂತಿದೆ. ಐಐಎಸ್‌ಸಿ ನಡೆಸ್ತಿದ್ದ ವಿಜ್ಞಾನ ವಿದ್ಯಾರ್ಥಿವೇತನ ಕೆವಿಪಿವೈ 2022ರಲ್ಲಿ ಮುಚ್ಚಿ ಕೇಂದ್ರದ ಇನ್ನೊಂದು ಯೋಜನೆ ಇನ್‌ಸ್ಪೈರ್ ಜೊತೆ ಸೇರಿಸಿದ್ರು. 2019ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಇಸ್ರೋದಲ್ಲಿ ಧ್ರುವ್ ಅನ್ನೋ ಪ್ರತಿಭಾ ಕಾರ್ಯಕ್ರಮ ಭಾರೀ ಸಮಾರಂಭದಲ್ಲಿ ಶುರು ಮಾಡಿದ್ದು ಇಡೀ ದೇಶಕ್ಕೆ 60 ಮಕ್ಕಳಿಗೆ. ದೇಶಕ್ಕೆ 60!

ಬನಶಂಕರಿ_ಅಪ್ಪ
ಒಂದು ಕಡೆಯಿಂದ ಶುರು ಆಗಬೇಕಲ್ವಾ. ನಿಮ್ಮ ಪಕ್ಷದವರು ಅಷ್ಟೂ ಮಾಡಲಿಲ್ಲ.

ನಿರ್ವಾಹಕ
ಪಕ್ಷದ ಮಾತು ಇಲ್ಲಿಗೆ ಸಾಕು. ಮುಂದಿನ ಎರಡು ಪ್ರತಿಕ್ರಿಯೆ ಅಳಿಸಿದ್ದೇನೆ. ಐದನೇ ತರಗತಿಗೆ ವಾಪಸ್ ಬನ್ನಿ.

ಸಿಂಗಾಪುರ_ಸುಮಾ
ದೂರದ್ದು ಬಿಡಿ, ಬೆಂಗಳೂರಲ್ಲೇ ಐಐಎಸ್‌ಸಿ ಆವರಣದಲ್ಲಿ ನಿಯಾಸ್ ಅನ್ನೋ ಸಂಶೋಧನಾ ಸಂಸ್ಥೆ ಇದೆ. ಪ್ರೊ. ಅನಿತಾ ಕುರುಪ್ ಮುಂದಾಳತ್ವದಲ್ಲಿ ಪ್ರತಿಭಾವಂತ ಮಕ್ಕಳ ಬಗ್ಗೆ ವರ್ಷಗಳಿಂದ ಕೆಲಸ ಮಾಡಿದ್ದಾರೆ. ನಮ್ಮ ದೇಶದ ಸನ್ನಿವೇಶಕ್ಕೆ ಹೊಂದುವ ಹಾಗೆ ಈ ಮಕ್ಕಳನ್ನ ಗುರುತಿಸೋದು ಹೇಗೆ ಅನ್ನೋದೇ ಅವರ ವಿಷಯ. ಅವರಿಗೆ ಬರೆದು ನೋಡಿ ಟೀಚರ್.

ತುಂಗಭದ್ರೆ_ಟೀಚರ್
ಬರೀತೀನಿ. ನವೋದಯದ ಅರ್ಜಿ ಹಾಕಿಸೋಕೆ ಅಜ್ಜಿ ಮನೆಗೂ ಹೋಗಿದ್ದೆ. ಅಜ್ಜಿ ಚಾ ಕೊಟ್ಟು, ಎಲ್ಲಾ ಕೇಳಿಸಿಕೊಂಡು, "ಹೆಣ್ಣು ಕೂಸ್ರಿ, ಹಾಸ್ಟೆಲ್ಲಿಗೆ ಬ್ಯಾಡ. ನಮ್ಮಣ್ಣನ ಮೊಮ್ಮಗ ಅದಾನ, ಬೇಕಾರ ಅವನ್ನ ಕಳಸ್ರಿ" ಅಂದ್ರು. ಆ ಮೊಮ್ಮಗ ನನ್ನ ತರಗತಿಯಲ್ಲೇ ಇದ್ದಾನೆ. ಒಳ್ಳೆ ಹುಡುಗ. ಆದರೆ ಪಾಪ, ನವೋದಯದ ಹುಡುಗ ಅಲ್ಲ.

ಕುಡ್ಲದ_ಅಮ್ಮ
ಅಯ್ಯೋ ದೇವರೇ. ಇದು ನಮ್ಮ ಊರಲ್ಲಿಯೂ ಉಂಟು, ಸ್ವಲ್ಪ ಪಾಲಿಶ್ ಮಾಡಿ ಹೇಳ್ತಾರೆ ಅಷ್ಟೆ. ಅಜ್ಜಿಯನ್ನು ಬಿಡ್ಬೇಡಿ ಟೀಚರ್, ಇನ್ನೊಮ್ಮೆ ಹೋಗಿ. ಆದ್ರೆ ಅಪ್ಪ ಅಮ್ಮ ಹಬ್ಬಕ್ಕೆ ಬಂದಾಗ ಹೋಗಿ.

ಮಂಜಣ್ಣ_ಮಂಡ್ಯ
ಹಾಸ್ಟೆಲ್ ಬ್ಯಾಡ ಅಂದ್ರೆ ಮೊರಾರ್ಜಿ ಇಲ್ಲ ಕಿತ್ತೂರು ಚೆನ್ನಮ್ಮಕ್ಕೆ ಹಾಕಿ. ಆಮೇಲ್ ಎಂಟ್ನೇ ಕ್ಲಾಸಲ್ಲಿ ಸ್ಕಾಲರ್‌ಶಿಪ್ ಪರೀಕ್ಷೆ ಎನ್‌ಎಂಎಂಎಸ್ ಕಟ್ಟುಸ್ದ್ರೆ ದುಡ್ಡೂ ಬತ್ತದೆ.

ಕ್ಲಸ್ಟರ್_ಕಾಕಾ
ಮಂಜಣ್ಣಾ, ಎರಡೂ ಒಮ್ಮಿಗೆ ಆಗಂಗಿಲ್ಲ. ಎನ್‌ಎಂಎಂಎಸ್ ಇರೋದು ಸರ್ಕಾರಿ, ಅನುದಾನಿತ, ಸ್ಥಳೀಯ ಸಂಸ್ಥೆ ಶಾಲಿ ಮಕ್ಕಳಿಗೆ. ಸರ್ಕಾರದ ಖರ್ಚಿನಾಗ ಊಟ ವಸತಿ ಇರೋ ವಸತಿ ಶಾಲಿ, ನವೋದಯ, ಕೇಂದ್ರೀಯ ವಿದ್ಯಾಲಯದವ್ರಿಗೆ ಇಲ್ಲ. ಮತ್ತ ಚೆನ್ನಮ್ಮ ಶಾಲಿನೂ ಹಾಸ್ಟೆಲ್ಲೇ ಅಲ್ಲೇನ್ರಿ, ಅಜ್ಜಿ ಬ್ಯಾಡಂದಿದ್ದೇ ಅದನ್ನ.

ಊರಾಗೇ ಉಳದ್ರ ಮಾತ್ರ ಎನ್‌ಎಂಎಂಎಸ್ ಚಲೋ ದಾರಿ. ಏಳನೇತ್ತಾದಾಗ 55 ಶೇಕಡಾ ಇರಬೇಕು, ಪರಿಶಿಷ್ಟರಿಗೆ 5 ಕಮ್ಮಿ. ಮನಿ ಆದಾಯ ಮೂರೂವರೆ ಲಕ್ಷದೊಳಗ. ಪಾಸಾದ್ರ ಒಂಬತ್ತರಿಂದ ಹನ್ನೆರಡರ ತನಕ ವರ್ಷಕ್ಕ 12,000 ರೂಪಾಯಿ. ಆಧಾರ್ ಮತ್ತ ಬ್ಯಾಂಕ್ ಪಾಸ್‌ಬುಕ್ಕಿನಾಗ ಹೆಸರು ಒಂದೇ ಇರಲಿ. ಎಷ್ಟೋ ಮಕ್ಕಳ ದುಡ್ಡು ಬರೇ ಇನಿಷಿಯಲ್ ಸಲುವಾಗಿ ನಿಂತಾವ.

ನವೋದಯ_ಹಳೆಹುಡುಗ
ಕಾಕಾ ಹೇಳಿದ ಕೊನೇ ಸಾಲು ಚಿನ್ನ.

ಚುರುಮುರಿ
ಡಬಲ್ ಪ್ರಮೋಷನ್ ಕೊಟ್ಟು ಏಳಕ್ಕೆ ಕೂರಿಸಿಬಿಡಿ. ನಮ್ಮ ತಾತ ಒಂದು, ಮೂರು, ಐದು ಅಂತ ಬೆಸಸಂಖ್ಯೆಯಲ್ಲೇ ಓದಿದ್ದರಂತೆ.

ನಿವೃತ್ತ_ಮೇಷ್ಟ್ರು
ನಿಮ್ಮ ತಾತನ ಕಾಲ ಹೋಯಿತು. ಈಗ ಒಂದನೇ ತರಗತಿಗೆ ಸೇರುವಾಗಲೇ ಆರು ತುಂಬಬೇಕೆಂಬ ನಿಯಮ, ಮಗುವಿನ ಲೆಕ್ಕವೆಲ್ಲ ಸ್ಯಾಟ್ಸ್ ತಂತ್ರಾಂಶದಲ್ಲಿ. ಆರು ವರ್ಷ ಆಗಿಲ್ಲವೆಂದು ಜಗಳವಾಗಿ 2025ರಲ್ಲಿ ಆ ಒಂದು ವರ್ಷಕ್ಕೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದು ನೆನಪಿದೆಯಲ್ಲ. ಇಡೀ ತರಗತಿ ಜಿಗಿಸುವುದು ಕಷ್ಟ, ಈ ಹುಡುಗಿಗೆ ಒಳ್ಳೆಯದೂ ಅಲ್ಲ. ಗೆಳತಿಯರನ್ನು ಬಿಟ್ಟು ಹೋಗಲು ಮನಸ್ಸಿಲ್ಲದವಳು ಅವಳು.

ಆದರೆ ಒಂದೇ ವಿಷಯಕ್ಕೆ ಮೇಲಿನ ತರಗತಿಯಲ್ಲಿ ಕೂರಿಸಬಹುದು. ಹಾಜರಿ ಐದರಲ್ಲೇ ಇರಲಿ. ವಾರದಲ್ಲಿ ಎರಡು ಗಣಿತ ಪಿರಿಯಡ್ ಏಳರಲ್ಲಿ ಕೂರಲಿ. ವೇಳಾಪಟ್ಟಿ ಹೊಂದಿಸಿದರೆ ಮುಖ್ಯ ಶಿಕ್ಷಕರ ಮಟ್ಟದಲ್ಲೇ ಆಗುವ ಕೆಲಸ. ಒಬ್ಬಳನ್ನೇ ಕಳಿಸಬೇಡಿ, ಜೊತೆಗೆ ಇನ್ನೊಬ್ಬಳಿರಲಿ.

ಗಣಿತ_ಗೀಳು
ಮೇಷ್ಟ್ರ ಮಾತಿಗೆ ನನ್ನ ಸಹಿ. ಇನ್ನು ಉಳಿದ ಪಿರಿಯಡ್‌ಗೆ: ಬೇಗ ಮುಗಿಸಿದಳು ಅಂತ ಅದೇ ಥರದ ಇನ್ನೂ 20 ಲೆಕ್ಕ ಕೊಡಬೇಡಿ. ಅದು ಶಿಕ್ಷೆ. ಬೇಗ ಮುಗಿಸಿದರೆ ಕೆಲಸ ಜಾಸ್ತಿ ಅಂತ ಗೊತ್ತಾದರೆ ಯಾವ ಮಗುವೂ ನಿಧಾನ ಮಾಡುತ್ತೆ. ಸಂಖ್ಯೆ ಹೆಚ್ಚಿಸಬೇಡಿ, ಆಳ ಹೆಚ್ಚಿಸಿ.

ಉದಾಹರಣೆ ಕೊಡ್ತೀನಿ. ಇಡೀ ತರಗತಿಗೇ ಕೊಡಿ, ಆಗ ಯಾರೂ ಬೇರೆಯಾಗಿ ಕಾಣಲ್ಲ. 9 = 4+5. 12 = 3+4+5. 15ನ್ನು 7+8 ಅಂತಲೂ 4+5+6 ಅಂತಲೂ 1+2+3+4+5 ಅಂತಲೂ ಬರೀಬಹುದು. ಹೀಗೆ ಒಂದರ ಹಿಂದೆ ಒಂದು ಬರೋ ಸಂಖ್ಯೆಗಳನ್ನ ಕೂಡಿಸಿ ಯಾವ ಯಾವ ಸಂಖ್ಯೆ ಮಾಡಬಹುದು? ಯಾವುದು ಮಾಡೋಕಾಗಲ್ಲ? ಕೂಡೋ ಲೆಕ್ಕ ಈಗಷ್ಟೇ ಬರ್ತಿರೋ ಮಗುವಿಗೆ ಇದು ಕೂಡೋ ಅಭ್ಯಾಸ. ನಿಮ್ಮ ಹುಡುಗಿಗೆ ಇದು ಒಂದು ವಾರದ ಬೇಟೆ. ಒಂದೇ ಪ್ರಶ್ನೆ, 38 ಮಕ್ಕಳೂ ತಂತಮ್ಮ ಮಟ್ಟದಲ್ಲಿ ಒಳಗೆ ಬರಬಹುದು.

ಚುರುಮುರಿ
ಆಫೀಸ್ ಮೀಟಿಂಗಲ್ಲಿ ಕೂತು ಇದನ್ನೇ ಮಾಡ್ತಿದೀನಿ. 4 ಆಗ್ತಿಲ್ಲ.

ನವೋದಯ_ಹಳೆಹುಡುಗ
8 ಕೂಡ ಆಗಲ್ಲ. ಒಂದು ನಿಮಿಷ…

ಬನಶಂಕರಿ_ಅಪ್ಪ
16. ಪ್ಯಾಟರ್ನ್ ಗೊತ್ತಾಯ್ತು.

ಕುಡ್ಲದ_ಅಮ್ಮ
ಹೇಳ್ಬೇಡಿ! ನನ್ನ ಮಗ ಪಕ್ಕದಲ್ಲಿ ಕೂತು ಬಾಯಿಲೆಕ್ಕ ಮಾಡ್ತಾ ಇದ್ದಾನೆ.

ಮಂಜಣ್ಣ_ಮಂಡ್ಯ
ನಾನ್ 32ರವರ್ಗೂ ಬರ್ದೆ. ಮನೇವ್ರು ಬೈತಾವ್ರೆ, ಹಾಲ್ ಡೈರಿಗ್ ಹೊತ್ತಾಯ್ತದೆ ಅಂತ.

ಸಿಂಗಾಪುರ_ಸುಮಾ
ಓದೋಕೆ ಏನಾದ್ರೂ ಕೊಡಿ ಟೀಚರ್. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ "ಬಾಲ ವಿಜ್ಞಾನ" ನಾನು ಓದಿ ಬೆಳೆದದ್ದು. ಗ್ರಾಮ ಪಂಚಾಯಿತಿ ಗ್ರಂಥಾಲಯ ಈಗ ಅರಿವು ಕೇಂದ್ರ ಆಗಿದೆಯಲ್ಲ, ಮಕ್ಕಳಿಗೆ ಸದಸ್ಯತ್ವ ಉಚಿತ. ಅಲ್ಲಿಗೆ ಸೇರಿಸಿ.

ಕ್ಲಸ್ಟರ್_ಕಾಕಾ
ಇನ್‌ಸ್ಪೈರ್ ಮಾನಕ್‌ಗೂ ನೋಡ್ರಿ. ಆರನೇತ್ತಾ ಆದ ಕೂಡಲೇ ಶಾಲಿಯಿಂದ ಮಕ್ಕಳ ಐದು ವಿಜ್ಞಾನದ ಐಡಿಯಾ ಕಳಸಬಹುದು, ಆಯ್ಕೆ ಆದ್ರ ಮಗೂನ ಖಾತೆಗೆ 10,000. ಪ್ರತಿಭಾ ಕಾರಂಜಿಯೊಳಗ ಕಂಠಪಾಠಕ್ಕ, ಛದ್ಮವೇಷಕ್ಕ ನಾವು ತಿಂಗಳುಗಟ್ಟಲೆ ತಾಲೀಮು ಮಾಡಸ್ತೀವಿ, ಇದಕ್ಕ ಕೊನೇ ದಿನ ಗೂಗಲ್‌ದಾಗ ಹುಡುಕಿದ ಐಡಿಯಾ ಹಾಕಿ ಕೈ ತೊಳಕೋತೀವಿ.

ತುಂಗಭದ್ರೆ_ಟೀಚರ್
ಗಣಿತ_ಗೀಳು ಅವರೇ, ಸೋಮವಾರ ಆ ಪ್ರಶ್ನೆ ಬೋರ್ಡಿನ ಮೇಲೆ ಬರೆದೆ. ಯಾರಿಗೂ ಹೆಸರಿಟ್ಟು ಕೇಳಲಿಲ್ಲ. ಗದ್ದಲವೋ ಗದ್ದಲ. ಹಿಂದಿನ ಸಾಲಿನ ಇಬ್ಬರು ಹುಡುಗರು "ಬೆಸಸಂಖ್ಯೆ ಎಲ್ಲಾ ಆಗ್ತಾವ್ರಿ, ಪಕ್ಕಪಕ್ಕದ ಎರಡು ಕೂಡಿಸಿದ್ರ ಸಾಕು" ಅಂತ ಕಂಡುಹಿಡಿದ್ರು. ಅವರಿಬ್ಬರೂ ನನ್ನ ಪರಿಹಾರ ಬೋಧನೆ ಪಟ್ಟೀಲಿದ್ದಾರೆ! ನಮ್ಮ ಹುಡುಗಿ ಎರಡು ದಿನ ಏನೂ ಹೇಳಲಿಲ್ಲ. ಬುಧವಾರ ಊಟದ ಬಿಡುವಿನಲ್ಲಿ ಬಂದು, "ಸೊನ್ನಿ ಇಂದ ಶುರು ಮಾಡಬಹುದು ಅಂದ್ರ 1 ಆಗ್ತದ್ರಿ. ಆದ್ರ 2 ಆಗಂಗಿಲ್ಲ. ಸೊನ್ನಿಗಿಂತ ಹಿಂದೆ ಏನರ ಇದ್ರ ಆಗ್ತದೇನ್ರಿ?" ಅಂದಳು. ಋಣ ಸಂಖ್ಯೆ ಅವಳಿಗೆ ಇನ್ನೂ ಯಾರೂ ಹೇಳಿಲ್ಲ.

ಗಣಿತ_ಗೀಳು
ಹೇಳಿ ಮೇಡಂ, ಹೇಳಿ! ಆರನೇ ತರಗತಿವರೆಗೆ ಕಾಯಿಸಬೇಡಿ. ಬಾವಿ ಮೆಟ್ಟಿಲಿನ ಚಿತ್ರ ಬರೆದು ತೋರಿಸಿ ಸಾಕು. ಹಿಂದಕ್ಕೆ ಹೋಗಬಹುದು ಅಂತ ಗೊತ್ತಾದರೆ ಎಲ್ಲ ಸಂಖ್ಯೆಯೂ ಆಗುತ್ತೆ ಅಂತ ತಾನೇ ಕಂಡುಕೊಳ್ತಾಳೆ: 2 = (–1)+0+1+2.

ಚುರುಮುರಿ
ಆ ಹಿಂದಿನ ಸಾಲಿನ ಇಬ್ಬರ ಬಗ್ಗೆಯೂ ಒಂದು ಥ್ರೆಡ್ ಬೇಕು.

ನಿವೃತ್ತ_ಮೇಷ್ಟ್ರು
ಅದನ್ನೇ ಬರೆಯಲು ಬಂದೆ. ಒಬ್ಬಳಿಗೆಂದು ಇಟ್ಟ ಪ್ರಶ್ನೆಗೆ ಮೂವರು ಸಿಕ್ಕಿದ್ದಾರೆ.

ಮಂಜಣ್ಣ_ಮಂಡ್ಯ
2, 4, 8, 16 ಯಾಕ್ ಆಗಕಿಲ್ಲ ಅಂತ ಯಾರಾರ ಹೇಳ್ರಪ್ಪ. ನಿದ್ದೆ ಬತ್ತಿಲ್ಲ.

ಗಣಿತ_ಗೀಳು
ಸುಳಿವು ಮಾತ್ರ ಕೊಡ್ತೀನಿ. ಮೂರು ಸಂಖ್ಯೆ ಕೂಡಿಸಿದರೆ ಮೊತ್ತ ನಡುವಿನದರ ಮೂರರಷ್ಟು. ಐದು ಕೂಡಿಸಿದರೆ ನಡುವಿನದರ ಐದರಷ್ಟು. ನಾಲ್ಕು ಕೂಡಿಸಿದರೆ ನಡುವಿನ ಎರಡರ ಮೊತ್ತದ ಎರಡರಷ್ಟು, ಆ ಎರಡರ ಮೊತ್ತ ಯಾವಾಗಲೂ ಬೆಸ. ಈಗ 16ನ್ನು ಯಾವ ಬೆಸಸಂಖ್ಯೆ ಭಾಗಿಸುತ್ತೆ ನೋಡಿ.

ಮಂಜಣ್ಣ_ಮಂಡ್ಯ
ಓಹೋಹೋ.

ಕ್ಲಸ್ಟರ್_ಕಾಕಾ
ಗಣಿತ_ಗೀಳು ಸರ್, ಇಂಥಾವು ಒಂದು ಹತ್ತು ಪ್ರಶ್ನಿ ಕನ್ನಡದಾಗ ಬರದ ಕೊಡ್ತೀರೇನ್ರಿ? ಮುಂದಿನ ಸಮಾಲೋಚನಾ ಸಭಾದಾಗ ಎಲ್ಲಾ ಶಾಲಿಗೂ ಹಂಚ್ತೀನಿ. ಲೀಡರ್ ಮಾಡೋ ವಿಷಯದಾಗ ನಾ ಇನ್ನೂ ಒಪ್ಪಿಲ್ಲ, ಅದನ್ನ ಆಮ್ಯಾಲ ನೋಡೂಣು.

ಗಣಿತ_ಗೀಳು
ಭಾನುವಾರದೊಳಗೆ ಕಳಿಸ್ತೀನಿ ಕಾಕಾ. ಜಗಳವನ್ನೂ ಅದರ ಜೊತೆಗೇ ಲಗತ್ತಿಸ್ತೀನಿ.

ಕ್ಲಸ್ಟರ್_ಕಾಕಾ
ಯುನಿಕೋಡ್‌ನಾಗ ಕಳಸ್ರಿ ಮತ್ತ. ನುಡಿ ಫಾಂಟಿನೊಳಗ ಕಳಸಿದ್ರ ನಮ್ಮ ಆಫೀಸಿನ ಕಂಪ್ಯೂಟರ್‌ದಾಗ ಬರೇ ಇಂಗ್ಲಿಷ್ ಅಕ್ಷರ, ಚೌಕ ಕಾಣ್ತಾವ.